ಜೋ ಥಾಮಸ್‌ಗೆ ಅಂಕ ಹಾಕಿದ ನನ್ನ ನೋಟ್‌ಬುಕ್

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎದುರಾಳಿಗಳನ್ನು ಅಡ್ಡಗಟ್ಟುವ ಲೈನ್‌ಮ್ಯಾನ್‌ಗಳ ಆಟಕ್ಕೆ ಮನೆಯಲ್ಲಿ ಕುಳಿತು ಅಂಕ ಹಾಕುತ್ತೇನೆ ಎಂದಾಗ ನಮ್ಮ ಭಾನುವಾರದ ಗುಂಪು ನಕ್ಕಿತ್ತು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಉರುಳಿದ್ದು ಯಾರ ತಪ್ಪಿನಿಂದ ಎಂದು ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಕೂಡ ಅಧಿಕೃತವಾಗಿ ಬರೆದಿಡುವುದಿಲ್ಲ, ನೀನು ಬರೆಯುತ್ತೀಯಾ ಎಂಬ ಪ್ರಶ್ನೆ. ಕ್ಲೀವ್‌ಲ್ಯಾಂಡ್‌ನಲ್ಲಿ ಮನೆ ಮಾಡಿದ ತಪ್ಪಿಗೆ ಊರಿನ ತಂಡ ಬ್ರೌನ್ಸ್‌ನ ಸೋಲುಗಳನ್ನು ವಾರವಾರವೂ ನೋಡುತ್ತಿದ್ದ ನನಗೆ ಕಣ್ಣಿಗೆ ಹಿತವಾಗಿ ಕಂಡವರು ಲೈನ್‌ಮ್ಯಾನ್‌ಗಳ ಸಾಲಿನ ಎಡತುದಿಯಲ್ಲಿ ನಿಲ್ಲುವ ಎಡ ಟ್ಯಾಕಲ್ ಜೋ ಥಾಮಸ್ ಒಬ್ಬರೇ. ಅವರಿಂದಲೇ ಆರಂಭಿಸಿದೆ.

ಮೊದಲ ವರ್ಷ ಟಿವಿ ರೆಕಾರ್ಡಿಂಗ್ ನಂಬಿ ಕೆಟ್ಟೆ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಥಾಮಸ್ ಚೌಕಟ್ಟಿನಿಂದ ಆಚೆ. ಚಿತ್ರ ದೊಡ್ಡದಾದರೆ ಕಂಡೀತು ಎಂದು ಸುಮಾರು 200 ಡಾಲರ್‌ಗೆ ಹಳೆಯ ಪ್ರೊಜೆಕ್ಟರ್ ತಂದೆ. ಕಾಣದಿದ್ದದ್ದು ಇನ್ನೂ ದೊಡ್ಡದಾಗಿ ಕಾಣದಾಯಿತು. 2014ರಲ್ಲಿ 70 ಡಾಲರ್ ಆಸುಪಾಸು ಕೊಟ್ಟು ಕೋಚ್‌ಗಳ ಫಿಲ್ಮ್‌ಗೆ ಚಂದಾದಾರನಾದೆ. ಇಪ್ಪತ್ತೆರಡು ಜನರೂ ಕಂಡರು. ಆದರೂ ಕೆಲಸ ಕೈಗೂಡಲಿಲ್ಲ. ಪಂದ್ಯದೊಳಗಿನ ಪ್ರತಿ ಆಟಕ್ಕೆ, ಅಂದರೆ ಚೆಂಡು ಹೊರಟು ನಿಲ್ಲುವ ಒಂದೊಂದು ಸರದಿಗೆ, ಹತ್ತರಲ್ಲಿ ಅಂಕ ಹಾಕುತ್ತಿದ್ದೆ. ಮೂರ‍್ನಾಲ್ಕು ಪಂದ್ಯ ಮುಗಿದಾಗ ಪುಟದ ತುಂಬ ಏಳು, ಏಳು, ಎಂಟು, ಏಳು. ಹೆಂಡತಿ ನೋಡಿ, ಮಗ್ಗಿ ತಪ್ಪಾಗಿ ಬರೆದಿದ್ದೀರಿ ಎಂದಳು.

ಕೊನೆಗೆ ಗೆದ್ದದ್ದನ್ನು ಬರೆಯುವುದನ್ನೇ ಬಿಟ್ಟೆ. ಚೆಂಡು ಎಸೆಯುವ ಪಾಸ್ ಆಟಗಳಲ್ಲಿ ಸ್ನ್ಯಾಪ್ ಆದೊಡನೆ, ಅಂದರೆ ಚೆಂಡು ಹಿಂದಕ್ಕೆ ಬಂದು ಆಟ ಶುರುವಾದೊಡನೆ, ಸ್ಟಾಪ್‌ವಾಚ್. ಎರಡೂವರೆ ಸೆಕೆಂಡಿನೊಳಗೆ ಎದುರಾಳಿ ದಾಟಿದರೆ ಮಾತ್ರ ಗೆರೆ, ಪಕ್ಕದಲ್ಲಿ ಸಮಯ. ಅದರಾಚೆಗಿನದು ಕ್ವಾರ್ಟರ್‌ಬ್ಯಾಕ್‌ನ ಹಣೆಬರಹ. ಬೆರಳಚ್ಚುಗಾರರು ಬಳಸುವ ಕಾಲಿನ ಪೆಡಲ್ ಒಂದನ್ನು 60 ಡಾಲರ್‌ಗೆ ಕೊಂಡು ಹಿಂದೆ ಮುಂದೆ ಓಡಿಸಲು ಹೊಂದಿಸಿದೆ. ಹಾಕಿದ ದುಡ್ಡಿನಲ್ಲಿ ಸಾರ್ಥಕವಾದದ್ದು ಅದೊಂದೇ. ಪಂದ್ಯಕ್ಕೆ ಐದು ಗಂಟೆ ಹಿಡಿಯುತ್ತಿದ್ದ ಕೆಲಸ ಒಂದೂವರೆಗೆ ಇಳಿಯಿತು. ಸ್ನ್ಯಾಪ್ ಆಗುವ ಕ್ಷಣದಲ್ಲಿ ನನ್ನ ಕಣ್ಣು ಎಲ್ಲಿರುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಥಾಮಸ್ ಮೇಲಂತೂ ಇರುತ್ತಿರಲಿಲ್ಲ. ಓಟದ ಆಟಗಳಿಗೆ ಈ ಗಡಿಯಾರ ಒಗ್ಗುವುದಿಲ್ಲ. ಅಲ್ಲಿ ಇಂದಿಗೂ ಕಣ್ಣಂದಾಜೇ.

ಪರೀಕ್ಷೆ ತಾನಾಗಿಯೇ ಬಂತು. ಆ ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗ್ ವಿರುದ್ಧ ಸಾಲಿನ ನಡುವೆ ನಿಲ್ಲುವ ಬ್ರೌನ್ಸ್ ಸೆಂಟರ್ ಅಲೆಕ್ಸ್ ಮ್ಯಾಕ್ ಕಾಲು ಮುರಿದುಕೊಂಡರು. ನಡುಗಂಬ ಹೋದರೆ ಎಡಗೋಡೆಯೂ ವಾಲುತ್ತದೆ ಎಂದರು ಗೆಳೆಯರು. ನನ್ನ ಪುಸ್ತಕದಲ್ಲಿ ನಡುವಿನ ಕಾಲಂ ತುಂಬುತ್ತಾ ಹೋಯಿತು. ಥಾಮಸ್ ಕಾಲಂನಲ್ಲಿ ಮೊದಲಿನಂತೆಯೇ ಪಂದ್ಯಕ್ಕೆ ಒಂದೋ ಎರಡೋ ಗೆರೆ. ನಕ್ಕವರಲ್ಲಿ ಒಬ್ಬರು ಬಂದು ಪುಸ್ತಕ ಕೇಳಿದರು. ಒಂದು ಕಾಲಂ ಮುಚ್ಚಿ ನಕಲು ಮಾಡಿಸಿ ಕೊಟ್ಟೆ.

ಈ ಹುಮ್ಮಸ್ಸಿನಲ್ಲಿ ಅದೇ ವರ್ಷ ಶುರುವಾಗಿದ್ದ ಪ್ರೊ ಕಬಡ್ಡಿಯ ಕಾರ್ನರ್ ಆಟಗಾರರ ಮೇಲೂ ಸ್ಟಾಪ್‌ವಾಚ್ ಹಿಡಿದೆ. ಪೂರ್ತಿ ವಿಫಲ. ಮೂವತ್ತು ಸೆಕೆಂಡಿನ ರೈಡ್‌ನಲ್ಲಿ ಯಾವಾಗ ಮೇಲೆ ಬೀಳಬೇಕೆಂದು ಹಿಡಿಯುವವನೇ ನಿರ್ಧರಿಸುತ್ತಾನೆ. ಫುಟ್‌ಬಾಲ್‌ನ ಎಡ ಟ್ಯಾಕಲ್‌ಗೆ ಆ ಭಾಗ್ಯವಿಲ್ಲ. ಎರಡು ವಾರಾಂತ್ಯ ಹಾಳು.

2007ರ ಮೊದಲ ಪಂದ್ಯದಿಂದ ಥಾಮಸ್ ಒಂದು ಸ್ನ್ಯಾಪ್ ಕೂಡ ತಪ್ಪಿಸಿಕೊಂಡಿರಲಿಲ್ಲ. ಹಾಗಾಗಿ ನನ್ನ ಪುಸ್ತಕದ ಎಡತುದಿಯ ಕಾಲಂಗೆ ಹೆಸರು ಬರೆಯುವ ಅಗತ್ಯವೇ ಬಿದ್ದಿರಲಿಲ್ಲ, ಅವರ ಅಂಗಿಯ ಸಂಖ್ಯೆ 73 ಎಂದು ಅಚ್ಚು ಹಾಕಿಸಿಟ್ಟಿದ್ದೆ. 2017ರ ಅಕ್ಟೋಬರ್ 22ರಂದು ಟೆನ್ನೆಸ್ಸಿ ವಿರುದ್ಧ ಅವರ ತೋಳಿನ ಸ್ನಾಯು ಹರಿಯಿತು. ಲೆಕ್ಕ 10,363ಕ್ಕೆ ನಿಂತಿತು. ಮುಂದಿನ ಸ್ನ್ಯಾಪ್‌ಗೆ ಪೆಡಲ್ ಒತ್ತಿದೆ, 73ನ್ನು ಹೊಡೆದುಹಾಕಿ ಪೆನ್ಸಿಲ್‌ನಲ್ಲಿ ಬೇರೆ ಸಂಖ್ಯೆ ಬರೆದೆ.