ಪಾಸಿಟಿವ್ ಆಗಿ ಯೋಚಿಸಿದರೆ ಮಳೆ ನಿಲ್ಲಲ್ಲ

ಮೂಡಿಗೆರೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಈ ಕಸುಬಿನಲ್ಲಿ ಕೆಟ್ಟ ಯೋಚನೆಗೆ ಬರವೇ ಇಲ್ಲ. ಫೆಬ್ರವರಿ, ಮಾರ್ಚ್ ಬಂದರೆ ಕಾಫಿ ಹೂ ಅರಳಿಸುವ ಹೂಮಳೆ ಆಗುತ್ತೋ ಇಲ್ಲವೋ ಅಂತ ಒಂದು, ಆದಮೇಲೆ ಆ ಹೂ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಯ ಚಿಂತೆ ಇನ್ನೊಂದು, ಕೊಯ್ಲಿನಲ್ಲಿ ಕಣದ ತುಂಬಾ ಕಾಫಿ ಹರಡಿದ ದಿನವೇ ಮೋಡ ಕಟ್ಟಿದರೆ ಅದು ಬೇರೆ. ಜೊತೆಗೆ ಸಾಲದ ಕಂತು, ಸಿಗದ ಆಳುಗಳು. ಸಕಲೇಶಪುರದ ಕಡೆಯವರಿಗೆ ಇದರ ಮೇಲೆ ಆನೆ ಕಾಟ. ಹಗಲೆಲ್ಲ ಸುಮ್ನಿರುವ ಈ ಚಿಂತೆಗಳು ರಾತ್ರಿ ದಿಂಬಿಗೆ ತಲೆ ಕೊಟ್ಟ ಕೂಡಲೇ ಸಾಲುಗಟ್ಟಿ ಬರುತ್ತವೆ.

ಯಾರನ್ನು ಕೇಳಿದರೂ "ಪಾಸಿಟಿವ್ ಆಗಿ ಯೋಚನೆ ಮಾಡು ಮಾರಾಯ" ಅಂತಾರೆ. ಮಾಡಿ ನೋಡಿದೆ. "ಎಲ್ಲ ಒಳ್ಳೆಯದೇ ಆಗುತ್ತೆ" ಅಂತ ನಾನು ಹೇಳಿಕೊಂಡಷ್ಟೂ ಸಲ ಒಳಗಿಂದ ಒಂದು ದನಿ "ಪಾಸ್‌ಬುಕ್ ನೋಡಿದೀಯಾ?" ಅಂತ ಕೇಳುತ್ತಿತ್ತು. ಆ ಜಗಳದಲ್ಲೇ ನಿದ್ದೆ ಹೋಗುತ್ತಿತ್ತು.

ಇದು ನನ್ನೊಬ್ಬನ ಕಥೆ ಅಲ್ಲ ಅಂತ ಆಮೇಲೆ ಓದಿ ತಿಳಿಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು 1987ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ನೆನೆಯಬಹುದು ಅಂದಾಗ, ಮೊದಲಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು. ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಅವರ 2009ರ ಅಧ್ಯಯನದಲ್ಲಿ, ತಮ್ಮ ಬಗ್ಗೆ ಮೊದಲೇ ಕೀಳಾಗಿ ಅಂದುಕೊಂಡವರು "ನಾನು ಪ್ರೀತಿಗೆ ಅರ್ಹ" ಎಂಬಂಥ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಾಗ ಇನ್ನಷ್ಟು ಕುಗ್ಗಿದರು. ಅಂದರೆ ಈ ಔಷಧಿ ಯಾರಿಗೆ ಬೇಕೋ ಅವರಿಗೇ ಕಹಿ, ಅಲ್ವಾ?

ಈಗ ನಾನು ಮಾಡುವುದು ಇಷ್ಟು. ಸಂಜೆ ಕೆಲಸ ಮುಗಿದು ಕೈಕಾಲು ತೊಳೆದ ಮೇಲೆ ಅರ್ಧ ಗಂಟೆ ಜಗಲಿಯಲ್ಲಿ ನೋಟ್‌ಬುಕ್ ಹಿಡಿದು ಕೂರುತ್ತೇನೆ. ಅದು ಚಿಂತೆ ಮಾಡುವ ಹೊತ್ತು. ಮನಶ್ಶಾಸ್ತ್ರದವರಲ್ಲಿ ಇದು ಹಳೇ ಉಪಾಯ: ಚಿಂತೆಗೆ ದಿನಾ ಒಂದೇ ಜಾಗ, ಒಂದೇ ಸಮಯ, ಬೇರೆ ಹೊತ್ತಲ್ಲಿ ಬಂದರೆ "ಸಂಜೆ ಬಾ" ಅನ್ನುವುದು. ಓಡಿಸುವುದಲ್ಲ, ಮುಂದೂಡುವುದು. ಮೊದಮೊದಲು ಅದು ಕೇಳುವುದಿಲ್ಲ, ಬಿಡದೆ ಮಾಡಬೇಕು.

ಬರೆಯುವಾಗ ವಾಕ್ಯ ಸಣ್ಣದಾಗುತ್ತದೆ. ಉದಾಹರಣೆಗೆ ಅರೇಬಿಕಾ ಗಿಡ ಹಳದಿ ಬಣ್ಣಕ್ಕೆ ತಿರುಗಿ ಸೊರಗಿದ್ದು ಕಂಡರೆ ತಲೆಯಲ್ಲಿ ಬರುವುದು "ಕಾಂಡ ಕೊರೆಯುವ ಬೋರರ್ ಹುಳ ಬಿತ್ತು, ತೋಟ ಹೋಯ್ತು, ಮಕ್ಕಳ ಓದು ಹೋಯ್ತು". ಹಾಳೆಯ ಮೇಲೆ ಇದನ್ನು ಬಿಡಿಸಿ ನೋಡುತ್ತೇನೆ. ಸೊರಗಿದ್ದು ಎಷ್ಟು ಗಿಡ? ಕಾಂಡದಲ್ಲಿ ಉಬ್ಬು ಕಾಣುತ್ತಾ, ಅಥವಾ ಬರೀ ನೀರಿನ ಕೊರತೆಯಾ? ಬೋರರ್ ಆಗಿದ್ದರೆ ಆ ಗಿಡ ಕಿತ್ತು ಸುಡಬೇಕು, ನೆರಳು ತೆಳುವಾದ ಕಡೆ ಮರ ನೆಡಬೇಕು. ಅವು ನಾಳೆಯ ಕೆಲಸದ ಪಟ್ಟಿಗೆ ಹೋಗುತ್ತವೆ. "ತೋಟ ಹೋಯ್ತು" ಅನ್ನುವುದಕ್ಕೆ ಸಾಕ್ಷಿ ಸಿಗಲಿಲ್ಲವಾದರೆ ಅದನ್ನು ಹೊಡೆದು ಹಾಕುತ್ತೇನೆ. 1960ರ ದಶಕದಲ್ಲಿ ಆರನ್ ಬೆಕ್ ಎಂಬ ವೈದ್ಯರು ಶುರುಮಾಡಿದ ಚಿಕಿತ್ಸೆಯ ತಿರುಳೂ ಸುಮಾರಾಗಿ ಇದೇ. ಕಹಿ ಯೋಚನೆಗೆ ಸಿಹಿ ಸವರುವುದಲ್ಲ, ಅದು ನಿಜವಾ ಅಂತ ಪರೀಕ್ಷೆ ಮಾಡುವುದು.

ಮಳೆ, ಕಾಫಿ ರೇಟು ಇಂಥವಕ್ಕೆ ಪಟ್ಟಿಯಲ್ಲಿ ಕೆಲಸವೇ ಇರುವುದಿಲ್ಲ. ಟಾರ್ಪಾಲು ಕಣದ ಪಕ್ಕದಲ್ಲೇ ಇಡುವುದು ಬಿಟ್ಟರೆ ನಾನು ಮಾಡುವುದು ಏನೂ ಇಲ್ಲ. ಭಯ ಹಾಗೇ ಇರುತ್ತದೆ, ಇರಲಿ, ಜೊತೆಗಿಟ್ಟುಕೊಂಡೇ ಊಟ ಮಾಡುತ್ತೇನೆ.

ನೋಟ್‌ಬುಕ್ಕಿಗೂ ಮಿತಿ ಇದೆ. ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಡಾಕ್ಟರನ್ನು ಕಾಣಬೇಕು. ಬದುಕೇ ಬೇಡ ಅನಿಸಿದರಂತೂ ಒಂದು ದಿನವೂ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ಳುವುದಕ್ಕೆ ನಮ್ಮ ಕಡೆ ಇನ್ನೂ ನಾಚಿಕೆ ಪಡುತ್ತಾರೆ, ಬಿಪಿ ಮಾತ್ರೆಯನ್ನು ಮಾತ್ರ ಮದುವೆ ಮನೆಯಲ್ಲೂ ತೋರಿಸಿಯೇ ನುಂಗುತ್ತಾರೆ.

ಬೇರೆಯವರ ಜೊತೆ ಮಾತಾಡುವ ರೀತಿಯೂ ಬದಲಾಯಿತು. ಪಕ್ಕದ ತೋಟದವರು ಫೋನ್ ಮಾಡಿ ಕಣದ ಕಾಫಿ ನೆನೆಯಿತು ಅಂದರೆ "ಎಲ್ಲ ಸರಿಹೋಗುತ್ತೆ ಬಿಡಿ ಅಣ್ಣ" ಅನ್ನುವುದಿಲ್ಲ. ಎಷ್ಟು ನೆನೆಯಿತು, ತಿರುವಿ ಹಾಕೋಕೆ ಜನ ಬೇಕಾ ಅಂತ ಕೇಳುತ್ತೇನೆ.