ಕಬ್ಬಿಣದ ವಿಶಿಷ್ಟ ಉಷ್ಣ: ನಾನು ಅಳೆಯುವ ಬಗೆ

ಒಂದು ಗ್ರಾಂ ವಸ್ತುವಿನ ತಾಪ ಒಂದು ಡಿಗ್ರಿ ಏರಲು ಬೇಕಾದ ಶಾಖವೇ ಅದರ ವಿಶಿಷ್ಟ ಉಷ್ಣ. ಅದನ್ನು ಅಳೆಯಲು, ಕುದಿಯುವ ನೀರಿನ ಶಾಖದಲ್ಲಿ ಬಿಸಿ ಮಾಡಿದ ಲೋಹವನ್ನು ತಣ್ಣೀರಿಗೆ ಹಾಕಿ, ನೀರಿನ ತಾಪ ಎಷ್ಟು ಏರಿತು ಅಂತ ನೋಡುತ್ತೇನೆ. ಈ ಪ್ರಯೋಗದ ಲೆಕ್ಕ ತುಂಬಾ ಸುಲಭ. ಬಿಸಿ ಲೋಹ ಬಿಟ್ಟುಕೊಟ್ಟ ಶಾಖ, ನೀರು ಮತ್ತು ಕ್ಯಾಲೊರಿಮೀಟರ್ (ಆ ನೀರಿರುವ ಲೋಹದ ಪಾತ್ರೆ) ಪಡೆದ ಶಾಖಕ್ಕೆ ಸಮ, ಅಷ್ಟೇ. ಉತ್ತರ ಕೆಡುವುದು ಕೈಕೆಲಸದಲ್ಲಿ.

ನಾನು ಮಕ್ಕಳಿಗೆ ಇದನ್ನು ಮಾಡಿಸುವುದು ಬೆಂಗಳೂರಿನಲ್ಲಿ. ಲೋಹದ ತಾಪಮಾನ 100 ಡಿಗ್ರಿ ಅಂತ ಸುಮ್ನೆ ಬರೆದುಕೊಳ್ಳಲು ನಾನು ಬಿಡುವುದಿಲ್ಲ. ಊರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಕಾರವಾರದಲ್ಲಾದರೆ 100 ಸರಿ.

ಕಬ್ಬಿಣದ ನಟ್‌ಗಳನ್ನು ಕುದಿಯುವ ನೀರಿಗೆ ನೇರವಾಗಿ ಹಾಕುವುದೂ ಬೇಡ. ನಟ್‌ನ ತೂತಿನಲ್ಲಿ ನೀರು ಕೂತುಬಿಡುತ್ತದೆ. ಹಾಗೆ ಬರೀ 2 ಗ್ರಾಂ ಬಿಸಿನೀರು ಜೊತೆಗೆ ಬಂದರೂ 520 ಜೂಲ್ ಜಾಸ್ತಿ ಆಗುತ್ತದೆ. ಒಟ್ಟು ಶಾಖದಲ್ಲಿ ಅದು ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲು! ಅದಕ್ಕೇ ನಟ್‌ಗಳನ್ನು ಒಣಗಿದ ದೊಡ್ಡ ಟೆಸ್ಟ್ ಟ್ಯೂಬಿಗೆ ಹಾಕಿ, ಬಾಯಿಗೆ ಹತ್ತಿ ತುರುಕಿ, ಟ್ಯೂಬನ್ನು ಕುದಿಯುವ ನೀರಿನಲ್ಲಿ ನಿಲ್ಲಿಸುತ್ತೇನೆ. ಥರ್ಮಾಮೀಟರ್ ನಟ್‌ಗಳ ನಡುವೆಯೇ ಇರಬೇಕು. ಪಾದರಸ ಏರುವುದು ನಿಲ್ಲುವ ತನಕ ಕಾಯಬೇಕು, ಅವಸರ ಮಾಡಬಾರದು.

ಒಂದು ಸಲದ ಅಂಕಿಗಳು ಇವು. ಕಬ್ಬಿಣ 200 ಗ್ರಾಂ, 96 ಡಿಗ್ರಿ. ನೀರು 150 ಗ್ರಾಂ, 25 ಡಿಗ್ರಿ. ತಾಮ್ರದ ಕ್ಯಾಲೊರಿಮೀಟರ್ 60 ಗ್ರಾಂ. ಕೋಣೆ 29 ಡಿಗ್ರಿ ಇತ್ತು. ನೀರನ್ನು ಬೇಕೆಂದೇ ಅದಕ್ಕಿಂತ 4 ಡಿಗ್ರಿ ತಣ್ಣಗಿಟ್ಟಿದ್ದೆ. ಕೊನೆಗೆ ಅಷ್ಟೇ ಮೇಲೆ ಹೋದರೆ, ಮೊದಲು ಕೋಣೆಯಿಂದ ಬಂದ ಶಾಖ ಆಮೇಲೆ ಹೋದ ಶಾಖಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ನಟ್‌ಗಳನ್ನು ಸುರಿದು, ಮುಚ್ಚಿ, ಕದಡಿದಾಗ ತಾಪ 33.6ಕ್ಕೆ ನಿಂತಿತು.

ನೀರಿನ ವಿಶಿಷ್ಟ ಉಷ್ಣ 4.18, ತಾಮ್ರದ್ದು 0.385. ಹಾಗಾಗಿ ನೀರಿಗೆ 150 × 4.18, ಅಂದರೆ 627. ತಾಮ್ರಕ್ಕೆ 60 × 0.385, ಅಂದರೆ 23. ಕೂಡಿದರೆ ಪ್ರತಿ ಡಿಗ್ರಿಗೆ 650 ಜೂಲ್. 8.6 ಡಿಗ್ರಿ ಏರಿಕೆಗೆ 5590 ಜೂಲ್. ಕಬ್ಬಿಣ ಇಳಿದದ್ದು 62.4 ಡಿಗ್ರಿ. 5590ನ್ನು 200 × 62.4ರಿಂದ ಭಾಗಿಸಿದರೆ ಗ್ರಾಂಗೆ, ಡಿಗ್ರಿಗೆ 0.448 ಜೂಲ್. ಪುಸ್ತಕದಲ್ಲಿರುವುದು 0.45. ಖುಷಿ ಆಗುತ್ತದೆ ಅಲ್ವಾ? ಇದೇ ಅಂಕಿಗಳಲ್ಲಿ 96ರ ಬದಲು 100 ಹಾಕಿದರೆ 0.42ಕ್ಕೆ ಬೀಳುತ್ತದೆ. ಕ್ಯಾಲೊರಿಮೀಟರ್ ಮರೆತರೆ 0.43.

ಸೀಸಕ್ಕೆ ಮಾತ್ರ ಈ ಅಳತೆ ಸಾಲದು. ಅದರ ವಿಶಿಷ್ಟ ಉಷ್ಣ 0.13. ಇಷ್ಟೇ ನೀರಿಗೆ 200 ಗ್ರಾಂ ಸೀಸ ಹಾಕಿದರೆ ತಾಪ ಏರುವುದು 3 ಡಿಗ್ರಿಗಿಂತ ಕಡಿಮೆ. ಓದುವಾಗ ಅರ್ಧ ಡಿಗ್ರಿ ಆಚೀಚೆ ಆದರೂ ಉತ್ತರ ಹಾಳು. ಅದಕ್ಕೆ ನೀರನ್ನು ಸೀಸ ಮುಳುಗುವಷ್ಟಕ್ಕೆ ಇಳಿಸಿ, 0.1 ಡಿಗ್ರಿ ಗೆರೆಗಳ ಥರ್ಮಾಮೀಟರ್ ತೆಗೆದುಕೊಳ್ಳುತ್ತೇನೆ.