ಕಣ್ಣಿಗೆ ಚುಚ್ಚುಮದ್ದು: ಅದು ತಡೆಯುವುದು ಏನನ್ನು, ಕೊಡುವುದು ಹೇಗೆ?

ಆಮ್ಲಜನಕ ಸಾಲದಾದ ಜೀವಕೋಶಗಳು ವಿಇಜಿಎಫ್ ಎಂಬ ಪ್ರೊಟೀನನ್ನು ಹೊರಸೂಸುತ್ತವೆ. ಅದು ಹತ್ತಿರದ ರಕ್ತನಾಳದ ಒಳಪದರವನ್ನು ತಲುಪಿದೊಡನೆ ಅಲ್ಲಿನ ಕೋಶಗಳು ವಿಭಜನೆಗೊಂಡು, ಆಮ್ಲಜನಕ ಕಡಿಮೆಯಿರುವ ಕಡೆಗೆ ಹೊಸ ಕವಲನ್ನು ಚಾಚುತ್ತವೆ. ಗಾಯ ಮಾಯುವುದಕ್ಕೂ ಭ್ರೂಣ ಬೆಳೆಯುವುದಕ್ಕೂ ಇದು ಬೇಕೇ ಬೇಕು. ಇದರ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಇಲ್ಲದಿದ್ದರೂ ಇಲಿಯ ಭ್ರೂಣ ಉಳಿಯುವುದಿಲ್ಲವೆಂಬುದು 1996ರಲ್ಲಿ ತಿಳಿಯಿತು.

ಮಧುಮೇಹದಿಂದ ಅಕ್ಷಿಪಟಲದ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ) ಸೂಕ್ಷ್ಮ ನಾಳಗಳು ಮುಚ್ಚಿಹೋದಾಗ ಇದೇ ಪ್ರೊಟೀನು ಅತಿಯಾಗಿ ಸ್ರವಿಸುತ್ತದೆ. ಆಗ ಹುಟ್ಟುವ ನಾಳಗಳು ದುರ್ಬಲ. ಇದ್ದ ನಾಳಗಳೂ ಸೋರತೊಡಗಿ, ಅಕ್ಷಿಪಟಲದ ನಡುಭಾಗ ಊದಿಕೊಂಡು ದೃಷ್ಟಿ ಮಸುಕಾಗುತ್ತದೆ. ವಯಸ್ಸಾದವರಲ್ಲಿ ಅಕ್ಷಿಪಟಲದ ಅಡಿಯಿಂದ ನಾಳಗಳು ನುಗ್ಗುವ ಕಾಯಿಲೆಯಲ್ಲೂ ಇದರದೇ ಕೈವಾಡ.

ಈ ಪ್ರೊಟೀನನ್ನು ತಡೆಯುವ ಔಷಧವನ್ನು ಕಣ್ಣಿನೊಳಕ್ಕೆ ಚುಚ್ಚುವುದೇ ಚಿಕಿತ್ಸೆ. ಅದರ ಮೊದಲ ಹಂತ ಓಸಿಟಿ ಸ್ಕ್ಯಾನ್, ಅಂದರೆ ಬೆಳಕಿನಿಂದ ಅಕ್ಷಿಪಟಲದ ಚಿತ್ರ ತೆಗೆಯುವ ಪರೀಕ್ಷೆ. ಊತ ಎಲ್ಲಿ, ಎಷ್ಟು ಎಂಬುದು ಅದರಲ್ಲಿ ಪದರ ಪದರವಾಗಿ ಕಾಣುತ್ತದೆ. ಇತ್ತೀಚೆಗೆ ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಿದ್ದರೆ, ಗರ್ಭಿಣಿಯಾಗಿದ್ದರೆ, ಕಣ್ಣು ಕೆಂಪಾಗಿದ್ದರೆ ಈ ಹಂತದಲ್ಲೇ ವೈದ್ಯರಿಗೆ ಹೇಳಬೇಕು.

ಬಳಿಕ ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಯನ್ನೂ ಕಣ್ಣಿನ ಮೇಲ್ಮೈಯನ್ನೂ ಪೊವಿಡೋನ್ ಅಯೋಡಿನ್ ದ್ರಾವಣದಿಂದ ಶುಚಿಗೊಳಿಸುತ್ತಾರೆ. ಸೋಂಕು ತಡೆಯುವಲ್ಲಿ ಈ ಶುಚಿತ್ವವೇ ಎಲ್ಲಕ್ಕಿಂತ ಮುಖ್ಯ, ಆದ್ದರಿಂದ ಸ್ವಲ್ಪ ಉರಿದರೂ ಸಹಿಸಿಕೊಳ್ಳುವುದು ಒಳ್ಳೆಯದು. ರೆಪ್ಪೆ ಮುಚ್ಚದಂತೆ ಪುಟ್ಟ ಕ್ಲಿಪ್ ಇಟ್ಟು, ಕಪ್ಪುಗುಡ್ಡೆಯ ಅಂಚಿನಿಂದ 3.5ರಿಂದ 4 ಮಿಲಿಮೀಟರ್ ದೂರದಲ್ಲಿ, ಬಿಳಿಗುಡ್ಡೆಯ ಮೂಲಕ ಕೂದಲೆಳೆಯಂಥ ಸೂಜಿಯನ್ನು ಇಳಿಸುತ್ತಾರೆ. ಒಳಹೋಗುವ ಔಷಧ ಸಾಮಾನ್ಯವಾಗಿ 0.05 ಮಿಲಿಲೀಟರ್ ಮಾತ್ರ. ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಔಷಧವು ಪ್ರೊಟೀನಿಗೆ ಅಂಟಿಕೊಂಡು, ಅದು ನಾಳವನ್ನು ಮುಟ್ಟದಂತೆ ಹಿಡಿದಿಡುತ್ತದೆ.

ಮೊದಲ ದಿನ ಕಣ್ಣು ಕರಕರ ಎನ್ನುವುದು, ಬಿಳಿಗುಡ್ಡೆಯಲ್ಲಿ ಕೆಂಪು ಕಲೆ ಮೂಡುವುದು ಸಹಜ. ಆದರೆ ನೋವು ಹೆಚ್ಚುತ್ತ ಹೋದರೆ, ದೃಷ್ಟಿ ಕುಗ್ಗಿದರೆ, ಬೆಳಕು ನೋಡಲಾಗದಿದ್ದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಔಷಧದ ಶಕ್ತಿ ಕೆಲವು ವಾರಗಳಷ್ಟೇ ಇರುವುದರಿಂದ ಆರಂಭದಲ್ಲಿ ತಿಂಗಳಿಗೊಮ್ಮೆ, ನಂತರ ಸ್ಕ್ಯಾನ್ ನೋಡಿ ಅಂತರ ಹೆಚ್ಚಿಸುತ್ತ ಕೊಡುತ್ತಾರೆ. ದೃಷ್ಟಿ ಸುಧಾರಿಸಿತೆಂದು ನಡುವೆ ನಿಲ್ಲಿಸುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ.

ಕ್ಯಾನ್ಸರ್ ಗೆಡ್ಡೆಗಳೂ ಇದೇ ಪ್ರೊಟೀನಿನಿಂದ ರಕ್ತವನ್ನು ತಮ್ಮೆಡೆಗೆ ಸೆಳೆಯುತ್ತವೆ. ಅದನ್ನು ತಡೆಯುವ ಬೆವಾಸಿಜುಮಾಬ್ ಎಂಬ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ದೊಡ್ಡಕರುಳಿನ ಕ್ಯಾನ್ಸರ್‌ಗಾಗಿ ಅನುಮತಿ ದೊರೆಯಿತು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಔಷಧ ಇಡೀ ದೇಹವನ್ನು ಸುತ್ತುವುದರಿಂದ ರಕ್ತದೊತ್ತಡ ಏರಬಹುದು, ಮೂತ್ರದಲ್ಲಿ ಪ್ರೊಟೀನು ಹೋಗಬಹುದು, ಗಾಯ ಬೇಗ ಮಾಯದಿರಬಹುದು. ಹಾಗಾಗಿ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಕನಿಷ್ಠ 28 ದಿನ ಕಳೆದು, ಗಾಯ ಪೂರ್ತಿ ಮಾಯುವ ತನಕ ಅದನ್ನು ಕೊಡುವುದಿಲ್ಲ.